ಹೂಳು ತುಂಬಿದ ಕೆರೆಯೂ ಕೆಟ್ಟುಹೋದ ರೂಟರೂ

(ಹಗರೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಯೆಂದರೆ ಕಾಡು, ಹೊಳೆ, ಆನೆ, ಗಣಿ, ಅಣೆಕಟ್ಟುಗಳ ಮಾತು ಬರುವುದು ವಾಡಿಕೆ. ಇಂದಿನ ವಿಷಯ ಅಂಗೈಯಗಲದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಪಡಸಾಲೆಯ ಗೋಡೆಗೆ ನೇತುಬಿದ್ದು ಹಗಲಿರುಳೆನ್ನದೆ ಹಸಿರು ದೀಪಗಳನ್ನು ಮಿನುಗಿಸುವ ಆ ಪೆಟ್ಟಿಗೆಗೆ ರೂಟರ್ ಎಂದು ಹೆಸರು. ಮೂರು ನಾಲ್ಕು ವರ್ಷಗಳಲ್ಲಿ ಅದು ಹಠ ಹಿಡಿಯಲಾರಂಭಿಸುತ್ತದೆ. ತಾನಾಗಿಯೇ ಆರಿ ಹತ್ತುತ್ತದೆ; ಒಬ್ಬರು ಬಳಸಿದರೆ ನಡೆಯುತ್ತದೆ, ಇಬ್ಬರು ಬಳಸಿದರೆ ನಿಲ್ಲುತ್ತದೆ. ಅಂಗಡಿಗೆ ಒಯ್ದರೆ ‘ಇದು ಹಳೇದು, ಹೊಸದು ತಗೊಳ್ಳಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಳೆಯದು ಅಟ್ಟ ಸೇರುತ್ತದೆ, ಅಲ್ಲಿಂದ ಗುಜರಿಗೆ ಹೋಗುತ್ತದೆ, ಇಲ್ಲವೇ ಹಿತ್ತಿಲ ಬೇಲಿಯಾಚೆ ಕಸದ ಜೊತೆ ಬೆಂಕಿಗೆ ಬೀಳುತ್ತದೆ. ಅಚ್ಚರಿಯ ಸಂಗತಿಯೆಂದರೆ, ಹೀಗೆ ಬೆಂಕಿಗೆ ಬಿದ್ದ ಹಲವು ಪೆಟ್ಟಿಗೆಗಳಲ್ಲಿ ಕೆಟ್ಟಿರುವುದು ಕೆಲವೇ ರೂಪಾಯಿ ಬೆಲೆಯ ಒಂದು ಬಿಡಿಭಾಗ ಮಾತ್ರ. ಉಳಿದದ್ದೆಲ್ಲವೂ ಗಟ್ಟಿಯಾಗಿಯೇ ಇರುತ್ತದೆ.

ಇದು ಪೇಟೆಯವರ ಚಿಂತೆ, ಹಳ್ಳಿಗೇಕೆ ಎಂದು ಕೇಳುವವರಿದ್ದಾರೆ. 2020 ಮತ್ತು 2021ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಮೊಬೈಲ್ ಹಿಡಿದು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆಯಡಿ ಕುಳಿತು ಪಾಠ ಕೇಳಿದ್ದನ್ನು ಯಾರೂ ಮರೆತಿಲ್ಲ. ಗೋಪುರದ ಸಂಕೇತ ಬಾರದ ತಗ್ಗಿನ ಊರುಗಳಲ್ಲಿ ತಂತಿಯ ಅಥವಾ ನಾರಿನ ಸಂಪರ್ಕವೊಂದೇ ದಾರಿ. ಆ ದಾರಿಯ ಬಾಗಿಲು ಈ ಪೆಟ್ಟಿಗೆ. ಪರೀಕ್ಷೆಯ ಅರ್ಜಿ, ಪಹಣಿ, ವಿದ್ಯಾರ್ಥಿವೇತನ ಎಲ್ಲವೂ ಇದರ ಮೂಲಕವೇ ಬರಬೇಕಾಗಿರುವಾಗ, ಪೆಟ್ಟಿಗೆ ಕೆಟ್ಟ ದಿನ ಆ ಮನೆಗೆ ಹಾಸನದವರೆಗಿನ ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಮೇಲೆ ಹೊಸ ರೂಟರಿನ ಸಾವಿರಾರು ರೂಪಾಯಿ ಒಟ್ಟಿಗೆ ಬೀಳುತ್ತವೆ.

ಕೆಡುವ ಆ ಬಿಡಿಭಾಗ ಯಾವುದು? ಪಠ್ಯಪುಸ್ತಕದಲ್ಲಿ ಅದು ಧಾರಕ, ಅಂಗಡಿಯಲ್ಲಿ ಕೆಪಾಸಿಟರ್, ಊರಿನವರ ಬಾಯಲ್ಲಿ ಕಂಡೆನ್ಸರ್. ಫ್ಯಾನು ನಿಧಾನವಾದಾಗ, ಬಾವಿಯ ಮೋಟಾರು ಗುಂಯ್‌ಗುಟ್ಟಿ ತಿರುಗದೆ ನಿಂತಾಗ ‘ಕಂಡೆನ್ಸರ್ ಹೋಗಿದೆ’ ಎಂದು ರೈತರೇ ಹೇಳುತ್ತಾರೆ. ರೂಟರಿನೊಳಗಿನದು ಅದೇ ವಂಶದ, ಬೇರೆ ಜಾತಿಯ ವಸ್ತು.

ಅದರ ಕೆಲಸವನ್ನು ತಿಳಿಯಲು ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಹಳೇಬೀಡಿನ ದಾರಿ ಹಿಡಿದರೆ ದೋರಸಮುದ್ರದ ಕೆರೆ ಸಿಗುತ್ತದೆ. ಹೊಯ್ಸಳರ ರಾಜಧಾನಿಗೆ ಹೆಸರು ಕೊಟ್ಟ ನೀರು ಅದು. ಮಳೆ ಒಂದೇ ಸಮನೆ ಬೀಳುವುದಿಲ್ಲ, ಗದ್ದೆಗೋ ಒಂದೇ ಸಮನೆ ನೀರು ಬೇಕು. ನಡುವೆ ನಿಂತು ರಭಸವನ್ನು ನುಂಗಿ ತೂಬಿನಿಂದ ಹದವಾಗಿ ಬಿಡುವುದು ಕೆರೆಯ ಧರ್ಮ. ರೂಟರಿಗೆ ಬರುವ ವಿದ್ಯುತ್ತೂ ಹೀಗೆಯೇ. ಗೋಡೆಯ 230 ವೋಲ್ಟನ್ನು ಅಡಾಪ್ಟರು 12 ವೋಲ್ಟಿಗೆ ಇಳಿಸುತ್ತದೆ. ಪೆಟ್ಟಿಗೆಯೊಳಗಿನ ಇನ್ನೊಂದು ಮಂಡಲ ಅದನ್ನು 3.3 ವೋಲ್ಟಿಗೂ ಅದಕ್ಕಿಂತ ಕೆಳಕ್ಕೂ ಇಳಿಸುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹರಿವನ್ನು ತೆರೆದು ಮುಚ್ಚಿ ಈ ಇಳಿಕೆ ನಡೆಯುವುದರಿಂದ ಹೊರಬರುವುದು ಅಲೆ ಅಲೆಯಾದ ವಿದ್ಯುತ್ತು. ಆ ಅಲೆಗಳನ್ನು ನುಂಗಿ ಸಮತಟ್ಟು ಮಾಡುವ ಪುಟ್ಟ ಕೆರೆಯೇ ಕಂಡೆನ್ಸರ್. ಅದರ ಮೈಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಎಂಬುದು ಕೆರೆಯ ವಿಸ್ತಾರ. ವೋಲ್ಟ್ ಎಂಬುದು ಏರಿಯ ಎತ್ತರ. ಏರಿಗಿಂತ ಮೇಲೆ ನೀರು ನಿಲ್ಲಿಸಿದರೆ ಏನಾಗುತ್ತದೆ ಎಂದು ಕೆರೆ ಕಂಡವರಿಗೆ ಹೇಳಬೇಕಾಗಿಲ್ಲ.

ಆ ಪುಟ್ಟ ಡಬ್ಬಿಯನ್ನು ಬಿಚ್ಚಿ ನೋಡಿದರೆ ಸುರುಳಿ ಸುತ್ತಿದ ಎರಡು ತೆಳು ಅಲ್ಯೂಮಿನಿಯಂ ಹಾಳೆಗಳೂ, ನಡುವೆ ಒಂದು ಬಗೆಯ ದ್ರವದಲ್ಲಿ ನೆನೆದ ಕಾಗದವೂ ಕಾಣುತ್ತವೆ. ವಿದ್ಯುತ್ತನ್ನು ತಡೆಯುವ ಗೋಡೆ ಕಾಗದವಲ್ಲ. ಒಂದು ಹಾಳೆಯ ಮೇಲೆ ಬೆಳೆಸಿದ ಆಕ್ಸೈಡ್ ಪೊರೆಯೇ ಆ ಗೋಡೆ. ಒಂದು ವೋಲ್ಟಿಗೆ ಸುಮಾರು 1.4 ನ್ಯಾನೋಮೀಟರ್ ಲೆಕ್ಕದಲ್ಲಿ ಆ ಪೊರೆಯ ದಪ್ಪ. 16 ವೋಲ್ಟಿನ ಕಂಡೆನ್ಸರಿನಲ್ಲಿ ಅದು ತಲೆಗೂದಲಿನ ಸಾವಿರದಲ್ಲೊಂದು ಪಾಲಿನಷ್ಟೂ ಇರುವುದಿಲ್ಲ. ಪೊರೆಯಲ್ಲಿ ಬಿರುಕು ಬಿಟ್ಟರೆ ಆ ದ್ರವವೇ ಅದನ್ನು ಮತ್ತೆ ಕಟ್ಟುತ್ತದೆ. ದ್ರವವಿರುವವರೆಗೆ ಕಂಡೆನ್ಸರ್ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿರುತ್ತದೆ ಎಂಬುದು ಗಮನಿಸತಕ್ಕ ಮಾತು.

ಆದರೆ ದ್ರವ ಶಾಶ್ವತವಲ್ಲ. ಡಬ್ಬಿಯ ಬುಡದ ರಬ್ಬರ್ ಬಿರಡೆಯ ಮೂಲಕ ಅದು ವರ್ಷಗಟ್ಟಲೆ ಆವಿಯಾಗಿ ಹೋಗುತ್ತಿರುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ. ದ್ರವ ಆರಿದಂತೆ ಕೆರೆಗೆ ಹೂಳು ತುಂಬುತ್ತದೆ, ತೂಬೂ ಕಟ್ಟಿಕೊಳ್ಳುತ್ತದೆ. ತಂತ್ರಜ್ಞರು ಈ ಎರಡನೆಯದನ್ನು ಆಂತರಿಕ ರೋಧದ ಏರಿಕೆ ಎನ್ನುತ್ತಾರೆ, ಹೆಚ್ಚಿನ ಕಾಟ ಕೊಡುವುದೂ ಅದೇ. ಅಲೆಗಳು ನೇರವಾಗಿ ಚಿಪ್ಪಿಗೆ ಬಡಿಯುತ್ತವೆ, ಚಿಪ್ಪು ಗಲಿಬಿಲಿಗೊಂಡು ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ರೂಟರ್ ತಾನಾಗಿಯೇ ಆರಿ ಹತ್ತುವ ರಹಸ್ಯ ಹಲವು ಸಲ ಇಷ್ಟೇ.

ಇಲ್ಲೊಂದು ಸರಳ ಲೆಕ್ಕವಿದೆ, ವಿದ್ಯಾರ್ಥಿಗಳು ಬರೆದುಕೊಳ್ಳಬಹುದು. ಕಂಡೆನ್ಸರಿನ ಮೈಮೇಲೆ 85 ಡಿಗ್ರಿ ಅಥವಾ 105 ಡಿಗ್ರಿ ಎಂದು ಬರೆದಿರುತ್ತದೆ. ಸಾಮಾನ್ಯ ಮಾಲಿಗೆ ಆ ಉಷ್ಣತೆಯಲ್ಲಿ 2000 ಗಂಟೆಗಳ ಬಾಳಿಕೆ ಎಂದಿಟ್ಟುಕೊಂಡರೆ, ಪ್ರತಿ 10 ಡಿಗ್ರಿ ಇಳಿದಾಗ ಬಾಳಿಕೆ ಇಮ್ಮಡಿಯಾಗುತ್ತದೆ ಎಂಬುದು ಅಂದಾಜಿನ ಸೂತ್ರ. ಪೆಟ್ಟಿಗೆಯೊಳಗೆ 65 ಡಿಗ್ರಿ ಬಿಸಿಯಿದ್ದರೆ 105 ಡಿಗ್ರಿಯ ಕಂಡೆನ್ಸರ್ 32000 ಗಂಟೆ, ಎಂದರೆ ಬಿಡುವಿಲ್ಲದೆ ದುಡಿದು ಮೂರೂವರೆ ವರ್ಷಕ್ಕೆ ತುಸು ಹೆಚ್ಚು ಬಾಳುತ್ತದೆ. 85 ಡಿಗ್ರಿಯದು 8000 ಗಂಟೆ, ಅಂದರೆ ಹನ್ನೊಂದು ತಿಂಗಳು. ಬಿಸಿಯನ್ನು 55 ಡಿಗ್ರಿಗೆ ಇಳಿಸಿದರೆ ಮೊದಲನೆಯದು ಏಳು ವರ್ಷ ದಾಟುತ್ತದೆ. ಹೆಂಚಿನ ಕೆಳಗಿನ ಅಟ್ಟದ ಮೇಲೆ, ಟಿವಿಯ ಬೆನ್ನಿಗೆ, ಧೂಳು ಬರಬಾರದೆಂದು ಕಸೂತಿ ಬಟ್ಟೆ ಹೊದಿಸಿ ರೂಟರ್ ಇಡುವ ಪದ್ಧತಿ ಎಷ್ಟು ದುಬಾರಿ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಬಟ್ಟೆ ತೆಗೆದು ಗಾಳಿಯಾಡುವ ಗೋಡೆಗೆ ತೂಗುಹಾಕುವುದು ಖರ್ಚಿಲ್ಲದ ರಿಪೇರಿ.

ಈ ಕಂಡೆನ್ಸರುಗಳಿಗೊಂದು ಕರಾಳ ಇತಿಹಾಸವೂ ಇದೆ. ಸರಿಸುಮಾರು 1999ರಿಂದ 2007ರವರೆಗೆ ಜಗತ್ತಿನಾದ್ಯಂತ ಕಂಪ್ಯೂಟರುಗಳು, ಮೋಡೆಮುಗಳು, ಟಿವಿಗಳು ಎಳೆಯ ಪ್ರಾಯದಲ್ಲೇ ಸಾಯತೊಡಗಿದವು. ಒಳಗೆ ನೋಡಿದರೆ ಕಂಡೆನ್ಸರುಗಳ ನೆತ್ತಿ ಊದಿ, ಕಂದು ರಸ ಸೋರಿರುತ್ತಿತ್ತು. ಆಂತರಿಕ ರೋಧ ತಗ್ಗಿಸಲೆಂದು ದ್ರವದಲ್ಲಿ ನೀರಿನ ಪಾಲು ಹೆಚ್ಚಿಸಿದ್ದರು; ನೀರು ಅಲ್ಯೂಮಿನಿಯಂ ಅನ್ನು ತಿನ್ನದಂತೆ ತಡೆಯುವ ಮದ್ದು ಸರಿಯಾಗಿ ಬೆರೆತಿರಲಿಲ್ಲ. ಫಲವಾಗಿ ಜಲಜನಕ ಹುಟ್ಟಿ ಡಬ್ಬಿಯನ್ನು ಒಳಗಿನಿಂದ ಒತ್ತುತ್ತಿತ್ತು. ಜಪಾನಿನ ಕಂಪನಿಯೊಂದರ ಸೂತ್ರವನ್ನು ಅರೆಬರೆಯಾಗಿ ಕದ್ದು ತೈವಾನಿನಲ್ಲಿ ಮಾಲು ತಯಾರಿಸಿದ್ದೇ ಇದಕ್ಕೆ ಕಾರಣವೆಂದು 2002–03ರಲ್ಲಿ ವರದಿಗಳು ಬಂದವು. ಕತೆ ರೋಚಕವಾಗಿದೆ, ಆದರೆ ಎಲ್ಲ ಪಾಪವನ್ನೂ ಕಳ್ಳ ಸೂತ್ರದ ತಲೆಗೆ ಕಟ್ಟುವುದು ಸರಿಯಲ್ಲ. ಡೆಲ್ ಕಂಪನಿಯ ಯಂತ್ರಗಳಲ್ಲಿ ಕೆಟ್ಟಿದ್ದು ಹೆಸರಾಂತ ಜಪಾನಿ ಕಂಪನಿಯ ಕಂಡೆನ್ಸರುಗಳೇ. 2003ರ ಮೇ ತಿಂಗಳಿನಿಂದ 2005ರ ಜುಲೈವರೆಗೆ ಡೆಲ್ ಮಾರಿದ್ದ ಕನಿಷ್ಠ 1.18 ಕೋಟಿ ಕಂಪ್ಯೂಟರುಗಳು ಈ ಅಪಾಯಕ್ಕೆ ಒಳಗಾಗಿದ್ದವೆಂದು 2010ರಲ್ಲಿ ಬಹಿರಂಗವಾದ ನ್ಯಾಯಾಲಯದ ಕಡತಗಳಿಂದ ತಿಳಿದುಬಂತು. ಕಂಪನಿ 30 ಕೋಟಿ ಡಾಲರ್ ನಷ್ಟವನ್ನು ಲೆಕ್ಕಕ್ಕೆ ಬರೆಯಬೇಕಾಯಿತು. ಬಿಎಸ್‌ಎನ್‌ಎಲ್ ಡೇಟಾಒನ್ ಹೆಸರಿನ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿದ್ದು 2005ರ ಜನವರಿಯಲ್ಲಿ. ನಮ್ಮ ನಾಡಿನ ಮನೆಗಳಿಗೆ ಮೊದಲ ಮೋಡೆಮುಗಳು ಬಂದ ಕಾಲವೂ ಜಗತ್ತಿನ ಕೆಟ್ಟ ಕಂಡೆನ್ಸರುಗಳ ಕಾಲವೂ ಒಂದೇ ಆಗಿತ್ತು.

ಇನ್ನು ರೋಗಪತ್ತೆಯ ವಿಚಾರ. ಮಲೆನಾಡಿನ ಮನೆಗಳಲ್ಲಿ ಒಂದು ವಿಶೇಷ ಲಕ್ಷಣ ಕಾಣಸಿಗುತ್ತದೆ. ಮಾಗಿಯ ಚಳಿಯಲ್ಲಿ ಬೆಳಿಗ್ಗೆ ರೂಟರ್ ಏಳುವುದೇ ಇಲ್ಲ, ಬಿಸಿಲೇರಿದ ಮೇಲೆ ತಾನಾಗಿಯೇ ಸರಿಯಾಗುತ್ತದೆ. ಚಳಿಯಲ್ಲಿ ದ್ರವ ಜಡವಾಗಿ ಆಂತರಿಕ ರೋಧ ಏರುವುದೇ ಇದಕ್ಕೆ ಕಾರಣ. ಮುದಿ ಕಂಡೆನ್ಸರಿಗೆ ಇದು ಬಹುಮಟ್ಟಿಗೆ ಖಚಿತ ಗುರುತು. ಇದಕ್ಕೆ ವಿರುದ್ಧವಾಗಿ, ಮುಂಗಾರಿಗೆ ಮುನ್ನಿನ ಗುಡುಗು ಸಿಡಿಲಿನ ಸಂಜೆ ಒಮ್ಮೆಗೇ ಸತ್ತು, ಸುಟ್ಟ ವಾಸನೆ ಬಂದರೆ ಅದು ಬೇರೆಯೇ ಪೆಟ್ಟು. ಸಿಡಿಲು ಫೋನಿನ ತಂತಿಯಲ್ಲೋ ಕರೆಂಟಿನ ತಂತಿಯಲ್ಲೋ ನುಗ್ಗಿ ಚಿಪ್ಪನ್ನೇ ಸುಟ್ಟಿದ್ದರೆ ಕಂಡೆನ್ಸರ್ ಬದಲಿಸಿ ಪ್ರಯೋಜನವಿಲ್ಲ. ಗುಡುಗಿನ ಸದ್ದು ಕೇಳಿದೊಡನೆ ಎರಡೂ ತಂತಿಗಳನ್ನು ಕಿತ್ತಿಡುವ ಅಜ್ಜಿಯರ ಅಭ್ಯಾಸ ನಗುವಂಥದ್ದಲ್ಲ.

ಪೆಟ್ಟಿಗೆ ಬಿಚ್ಚುವ ಮೊದಲು ಅಡಾಪ್ಟರನ್ನು ಸಂಶಯಿಸಬೇಕು. ಎಷ್ಟೋ ಸಲ ಕೆಟ್ಟಿರುವ ಕಂಡೆನ್ಸರ್ ಇರುವುದು ರೂಟರಿನಲ್ಲಲ್ಲ, ಗೋಡೆಗೆ ಚುಚ್ಚಿದ ಅಡಾಪ್ಟರಿನಲ್ಲಿ. ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ, ಪಿನ್ನಿನ ಧನ ಋಣ ತುದಿಗಳು ಹೊಂದುವ ಇನ್ನೊಂದು ಅಡಾಪ್ಟರನ್ನು ನೆರೆಮನೆಯಿಂದ ತಂದು ಹಚ್ಚಿ ನೋಡಿದರೆ ಅರ್ಧ ಪ್ರಶ್ನೆ ಬಗೆಹರಿಯುತ್ತದೆ. 9 ವೋಲ್ಟಿನ ರೂಟರಿಗೆ 12 ವೋಲ್ಟಿನದನ್ನು ‘ಪಿನ್ನು ಕೂತಿತು’ ಎಂಬ ಕಾರಣಕ್ಕೆ ಚುಚ್ಚುವವರು ಕೆಡದಿದ್ದ ಚಿಪ್ಪನ್ನೂ ಕೆಡಿಸುತ್ತಾರೆ.

ಅಡಾಪ್ಟರನ್ನು ವಿದ್ಯಾರ್ಥಿಗಳು ಬಿಚ್ಚಕೂಡದು. ಅದರೊಳಗಿನ ದೊಡ್ಡ ಕಂಡೆನ್ಸರಿನಲ್ಲಿ ಸುಮಾರು 325 ವೋಲ್ಟ್ ತುಂಬಿರುತ್ತದೆ; ಗೋಡೆಯಿಂದ ಕಿತ್ತ ಮೇಲೂ ಕೆಲಕಾಲ ಅಲ್ಲಿಯೇ ಇರುತ್ತದೆ. ಆ ಕೆಲಸ ಕೈ ಪಳಗಿದವರದು. ರೂಟರಿನ ಪೆಟ್ಟಿಗೆಯೊಳಗೆ ಇರುವುದು 12 ವೋಲ್ಟ್ ಮಾತ್ರವಾದ್ದರಿಂದ, ಅಡಾಪ್ಟರ್ ಕಿತ್ತಿಟ್ಟು ಕಲಿಯುವವರು ಕೈಹಚ್ಚಬಹುದಾದ ಜಾಗ ಅದು.

ಪೆಟ್ಟಿಗೆಯ ಸ್ಕ್ರೂಗಳು ಸಾಮಾನ್ಯವಾಗಿ ಕೆಳಗಿನ ರಬ್ಬರ್ ಪಾದಗಳಡಿ ಅಡಗಿರುತ್ತವೆ. ಮುಚ್ಚಳ ತೆಗೆದರೆ ಹಸಿರು ಹಲಗೆಯ ಮೇಲೆ, ಕರೆಂಟು ಒಳಬರುವ ಜಾಗದ ಸುತ್ತ, ನಿಂತ ಪುಟ್ಟ ಡಬ್ಬಿಗಳು ಕಾಣುತ್ತವೆ. ಒಳ್ಳೆಯದರ ನೆತ್ತಿ ಚಪ್ಪಟೆ. ಅಲ್ಲಿ ಕತ್ತರಿ ಗುರುತಿನಂತೆ ಗೀರಿರುವುದು ಒತ್ತಡ ಹೆಚ್ಚಿದಾಗ ಅಲ್ಲಿಯೇ ಬಿರಿಯಲಿ ಎಂದು. ನೆತ್ತಿ ಗುಬ್ಬಿದ್ದರೆ, ಬುಡದಲ್ಲಿ ರಸ ಒಸರಿದ್ದರೆ ಅಪರಾಧಿ ಸಿಕ್ಕಂತೆ. ಬುಡದ ಸುತ್ತಲಿನ ಕಂದು ಅಂಟೆಲ್ಲ ಸೋರಿಕೆಯಲ್ಲ. ಡಬ್ಬಿ ಅಲುಗದಿರಲೆಂದು ಕಾರ್ಖಾನೆಯವರೇ ಹಚ್ಚಿದ ಗೋಂದೂ ಇರಬಹುದು. ಊದದೆಯೇ ಒಣಗಿ ಹೋದವುಗಳೂ ಉಂಟು. ಅವುಗಳನ್ನು ಪತ್ತೆಹಚ್ಚಲು ಆಂತರಿಕ ರೋಧ ಅಳೆಯುವ ಮೀಟರ್ ಬೇಕು. ಸಾಧಾರಣ ಮಲ್ಟಿಮೀಟರ್ ಸಾಲದು. ಮೀಟರ್ ಇಲ್ಲದ ಊರಿನಲ್ಲಿ ವರ್ಷ ಐದು ದಾಟಿದ ಪೆಟ್ಟಿಗೆಯ ಎರಡು ಮೂರು ಡಬ್ಬಿಗಳನ್ನೂ ಒಟ್ಟಿಗೆ ಬದಲಿಸುವುದೇ ಲೇಸು. ಹೇಗಿದ್ದರೂ ಅವು ಒಂದೇ ಬಿಸಿಯಲ್ಲಿ ಬೆಂದವು.

ಹೊಸದನ್ನು ಕೊಳ್ಳುವಾಗ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಬೇಕು. ವೋಲ್ಟು ಅಷ್ಟೇ ಅಥವಾ ಒಂದು ಮೆಟ್ಟಿಲು ಹೆಚ್ಚಿರಬಹುದು. 16ರ ಜಾಗಕ್ಕೆ 25 ಹಾಕಿದರೆ ತಪ್ಪಿಲ್ಲ, 10 ಹಾಕಿದರೆ ಅನಾಹುತ. ಹೆಚ್ಚು ವೋಲ್ಟಿನದು ದಪ್ಪವಾಗಿದ್ದು ಮುಚ್ಚಳ ಕೂರದೆ ಹೋಗಬಹುದು ಎಂಬುದನ್ನು ಅಳತೆ ಪಟ್ಟಿ ಇಟ್ಟು ನೋಡಿಕೊಳ್ಳಬೇಕು. 105 ಡಿಗ್ರಿಯದನ್ನೇ, ಆಂತರಿಕ ರೋಧ ಕಡಿಮೆಯಿರುವ ಬಗೆಯದನ್ನೇ ಕೇಳಿ ಪಡೆಯಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ದೊರೆಯುತ್ತದೆ. ಆದರೆ ವರ್ಷಗಟ್ಟಲೆ ಗೂಡಿನಲ್ಲಿ ಬಿದ್ದ ಹಳೆ ದಾಸ್ತಾನು, ಹಳೆ ಹಲಗೆಗಳಿಂದ ಕಿತ್ತು ಒರೆಸಿದ ಮಾಲು ಕೂಡ ದೊರೆಯುತ್ತದೆ. ಹೊಸದರ ಕಾಲು ಉದ್ದವಾಗಿ ಹೊಳೆಯುತ್ತಿರುತ್ತದೆ. ತುಂಡು ಕಾಲಿನದು ಎಲ್ಲೋ ದುಡಿದು ಬಂದದ್ದು.

ಬೆಸುಗೆಯ ಕೆಲಸಕ್ಕೆ 25 ವ್ಯಾಟಿನ ಕಡ್ಡಿ, ಬೆಸುಗೆ ತಂತಿ, ಕರಗಿದ ಬೆಸುಗೆಯನ್ನು ಹೀರುವ ಪಂಪು, ಇಷ್ಟು ಸಾಕು. ಕೀಳುವ ಮೊದಲು ಹಳೆಯದರ ಋಣ ಪಟ್ಟೆ ಯಾವ ಕಡೆಗಿತ್ತೆಂದು ಕಾಗದದ ಮೇಲೆ ಬರೆದುಕೊಳ್ಳಬೇಕು, ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದಿಡಬೇಕು. ಹಲಗೆಯ ಮೇಲಿನ ಗುರುತನ್ನು ನಂಬುವುದಕ್ಕಿಂತ ಇದು ಕ್ಷೇಮ. ಎಲ್ಲ ಕಂಪನಿಗಳೂ ಒಂದೇ ರೀತಿ ಗುರುತು ಹಾಕುವುದಿಲ್ಲ. 2006ರ ನಂತರದ ಹಲಗೆಗಳಲ್ಲಿ ಬಹುಪಾಲು ಸೀಸರಹಿತ ಬೆಸುಗೆಯಿದ್ದು, ಹಳೆಯ ತವರ–ಸೀಸದ ಬೆಸುಗೆ 183 ಡಿಗ್ರಿಗೆ ಕರಗಿದರೆ ಇದಕ್ಕೆ ಸುಮಾರು 217 ಡಿಗ್ರಿ ಬೇಕು. ಅವಸರದಲ್ಲಿ ಎಳೆದರೆ ತಾಮ್ರದ ಪದರವೇ ಕಿತ್ತುಬರುತ್ತದೆ, ಹಲಗೆ ಅಲ್ಲಿಗೆ ಮುಗಿಯಿತು. ಕಾಲಿನ ಮೇಲೆ ಸ್ವಲ್ಪ ಹೊಸ ಬೆಸುಗೆ ಬೆರೆಸಿ, ಒಂದು ಕಾಲು ಇನ್ನೊಂದು ಕಾಲು ಎಂದು ಸರದಿಯಲ್ಲಿ ಕಾಯಿಸಿ, ಮೆಲ್ಲಗೆ ಅಲುಗಿಸುತ್ತ ತೆಗೆಯುವುದು ಕ್ರಮ. ಹೊಸದನ್ನು ತಿರುವುಮುರುವಾಗಿ ಕೂರಿಸಿದರೆ ಕರೆಂಟು ಕೊಟ್ಟ ಅಲ್ಪ ಸಮಯದಲ್ಲೇ ಕುದಿದು ಬಿರಿಯುತ್ತದೆ; ಆದ್ದರಿಂದ ಮೊದಲ ಸಲ ಹಚ್ಚುವಾಗ ಮುಖ ಹಿಂದೆ, ಕಣ್ಣಿಗೆ ಕನ್ನಡಕ. ಬೆಸುಗೆಯ ಹೊಗೆ ಕುಡಿಯಬಾರದು, ಕೈ ತೊಳೆಯದೆ ಊಟಕ್ಕೆ ಕೂರಬಾರದು. ಕಾಲಿಲ್ಲದೆ ಹಲಗೆಯ ಮೇಲೆಯೇ ಅಂಟಿ ಕುಳಿತ ಡಬ್ಬಿಗಳನ್ನು ಹೊಸಬರು ಮುಟ್ಟದಿರುವುದು ಒಳ್ಳೆಯದು.

ರಿಪೇರಿಯ ಮಿತಿಯನ್ನೂ ಮುಚ್ಚಿಡಬಾರದು. ತಾಮ್ರದ ತಂತಿಯ ಕಾಲದ ಮೋಡೆಮ್ ಎಷ್ಟೇ ಚೆನ್ನಾಗಿ ರಿಪೇರಿಯಾದರೂ ನಾರಿನ ಸಂಪರ್ಕಕ್ಕೆ ನೇರವಾಗಿ ಹೊಂದುವುದಿಲ್ಲ; ಹೊಸ ಪೆಟ್ಟಿಗೆಯ ಹಿಂದೆ ತಂತಿಯಲ್ಲಿ ಜೋಡಿಸಿ, ಅಂಕಣದಾಚೆಯ ಕೋಣೆಗೋ ಕೊಟ್ಟಿಗೆಗೋ ವೈಫೈ ತಲುಪಿಸಲು ಬಳಸಬಹುದು. ಇನ್ನೊಂದು ತೊಡಕು ಸುರಕ್ಷತೆಯದು. ಕಂಪನಿ ತಂತ್ರಾಂಶದ ತಿದ್ದುಪಡಿ ನಿಲ್ಲಿಸಿದ ರೂಟರ್ ಅಗಳಿಯಿಲ್ಲದ ಬಾಗಿಲಿದ್ದಂತೆ. 2004ರಲ್ಲಿ ಆರಂಭವಾದ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಲವು ಹಳೆಯ ರೂಟರುಗಳಿಗೆ ಮರುಜೀವ ಕೊಟ್ಟಿದೆ. ಆದರೆ 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮ್ ಇರುವ ತೀರ ಹಳೆಯವುಗಳನ್ನು ಅದೂ ಕೈಬಿಟ್ಟಿದೆ. ಡಬ್ಲ್ಯುಪಿಎ2 ಗೂಢಲಿಪಿ ತಿಳಿಯದ ಪೆಟ್ಟಿಗೆಯನ್ನು ಬ್ಯಾಂಕಿನ ವ್ಯವಹಾರ ನಡೆಯುವ ಮನೆಯಲ್ಲಿ ಮತ್ತೆ ನಿಲ್ಲಿಸುವುದು ಜಾಣತನವಲ್ಲ. ಎಲ್ಲವನ್ನೂ ಉಳಿಸಿಯೇ ತೀರಬೇಕೆಂಬ ಹಠ ರಿಪೇರಿಯ ಧರ್ಮವಲ್ಲ.

ಹಾಗಾದರೆ ಇಷ್ಟು ಸಣ್ಣ ಕೆಲಸಕ್ಕೂ ಬೆಟ್ಟದ ಉಳಿವಿಗೂ ಏನು ಸಂಬಂಧ? ಕಂಡೆನ್ಸರಿನ ಹಾಳೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಬಾಕ್ಸೈಟಿನಿಂದ ಬರುತ್ತದೆ. ಬಾಕ್ಸೈಟು ಬೆಟ್ಟದ ನೆತ್ತಿಯಿಂದ ಬರುತ್ತದೆ. ಒಡಿಶಾದ ನಿಯಮಗಿರಿಯನ್ನು ಅಗೆಯಬಾರದೆಂದು 2013ರಲ್ಲಿ ಅಲ್ಲಿನ ಹನ್ನೆರಡು ಗ್ರಾಮಸಭೆಗಳು ಒಂದೊಂದಾಗಿ ನಿರ್ಣಯ ಮಾಡಿದ್ದು ಈ ಅದಿರಿಗಾಗಿಯೇ. ಕಬ್ಬಿಣದ ಅದಿರಿಗಾಗಿ ಕುದುರೆಮುಖದ ಬೆಟ್ಟ ಕರಗಿದ್ದನ್ನು, 2005ರ ಕೊನೆಗೆ ಆ ಗಣಿ ನಿಂತದ್ದನ್ನು ಮಲೆನಾಡಿನವರು ಕಣ್ಣಾರೆ ಕಂಡಿದ್ದಾರೆ. ರೂಟರಿನ ಹಲಗೆಯಲ್ಲಿ ತಾಮ್ರ, ತವರ, ಚಿನ್ನದ ಲೇಪ ಎಲ್ಲವೂ ಇವೆ. ಪ್ರತಿಯೊಂದರ ಹಿಂದೆಯೂ ಯಾರದೋ ಒಂದು ಊರಿನ ಗುಡ್ಡವಿದೆ. 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾದದ್ದು ಶೇಕಡ 22.3 ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಉಳಿದದ್ದರಲ್ಲಿ ಬಹುಭಾಗ ಎಲ್ಲೋ ಸುಟ್ಟಿತು, ಎಲ್ಲೋ ಹೂತಿತು. ತಾಮ್ರಕ್ಕಾಗಿ ಪಿವಿಸಿ ತಂತಿ ಸುಟ್ಟಾಗ ಏಳುವ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಹಲಗೆಯ ಸೀಸ ಮಳೆನೀರಿನೊಡನೆ ಹಳ್ಳಕ್ಕೆ ಇಳಿದರೆ, ಆ ಹಳ್ಳ ಯಗಚಿಗೋ ಹೇಮಾವತಿಗೋ ಸೇರದೆ ಇನ್ನೆಲ್ಲಿಗೆ ಹೋದೀತು?

ಕಾನೂನುಗಳಿಗೆ ಕೊರತೆಯಿಲ್ಲ. ವಿದ್ಯುನ್ಮಾನ ಕಸದ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ 1ರಿಂದ ಜಾರಿಗೆ ಬಂದವು, 2016ರಲ್ಲಿ ಬದಲಾದವು, 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, 21 ಬಗೆಯ ಸಾಧನಗಳಿಗಿದ್ದ ವ್ಯಾಪ್ತಿಯನ್ನು 106ಕ್ಕೆ ಹಿಗ್ಗಿಸಿವೆ. ಕಸವನ್ನು ಮರಳಿ ಪಡೆಯುವ ಹೊಣೆ ತಯಾರಕರದು ಎಂಬುದು ಇವುಗಳ ತಿರುಳು. ಆದರೆ ಆ ಹೊಣೆ ಮರುಬಳಕೆಗೆ ಒಡೆದು ಕರಗಿಸುವುದರ ಸುತ್ತಲೇ ಸುತ್ತುತ್ತದೆ. ಒಡೆಯದಂತೆ ಉಳಿಸುವ ರಿಪೇರಿಗೆ ಅಲ್ಲಿ ಸಿಗುವ ಗೌರವ ಕಡಿಮೆ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಕುರಿತು ಸಮಿತಿ ರಚಿಸಿ, ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ಸಾಧನ, ವಾಹನಗಳನ್ನು ಮೊದಲಿಗೆ ಆರಿಸಿಕೊಂಡಿತು. ಮಂಡಲದ ನಕ್ಷೆ, ಬಿಡಿಭಾಗಗಳ ಪಟ್ಟಿ ಕೊಡಬೇಕೆಂಬ ಬೇಡಿಕೆಯನ್ನು ರೂಟರಿನವರೆಗೂ ಒಯ್ಯುವ ಕೆಲಸ ಬಾಕಿಯಿದೆ.

ಹೊಯ್ಸಳರ ಕಾಲದ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಮಾತು ಇರುವಂತೆಯೇ ಕೆರೆಯ ದುರಸ್ತಿಗೆ, ನಿರ್ವಹಣೆಗೆ ಭೂಮಿ ಬಿಟ್ಟ ಮಾತೂ ಇದೆ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳು ಆ ವ್ಯವಸ್ಥೆಯವು. ಹೂಳೆತ್ತುವವನಿಗೂ ಪಾಲು ಇಟ್ಟ ನಾಡು ಇದು. ಪ್ರೌಢಶಾಲೆಯ ವಿಜ್ಞಾನ ಕೋಣೆಯಲ್ಲಿ ಒಂದು ಬೆಸುಗೆ ಕಡ್ಡಿ, ಒಂದು ಮೀಟರ್, ನಾಲ್ಕಾರು ಅಳತೆಯ 105 ಡಿಗ್ರಿ ಕಂಡೆನ್ಸರುಗಳನ್ನು ಇಡಲು ಹೊಸ ರೂಟರಿನಷ್ಟೂ ಖರ್ಚಾಗಲಾರದು. ಬೇಸಿಗೆ ರಜೆಗೆ ಮುನ್ನ ಅಟ್ಟಗಳ ಮೇಲಿನ ಪೆಟ್ಟಿಗೆಗಳನ್ನು ಒಮ್ಮೆ ಇಳಿಸಿ ಸಾಲಾಗಿ ಇಟ್ಟರೆ, ಬದುಕಬಲ್ಲವು ಯಾವುವು, ಬಿಡಿಭಾಗಕ್ಕೆ ಆಗುವುವು ಯಾವುವು ಎಂದು ಮಕ್ಕಳೇ ವಿಂಗಡಿಸಬಲ್ಲರು. ಕಿತ್ತ ಹಳೆಯ ಡಬ್ಬಿಗಳನ್ನೂ ಸುಟ್ಟ ಹಲಗೆಗಳನ್ನೂ ಮುಚ್ಚಳವಿರುವ ಒಂದು ತಗಡಿನ ಡಬ್ಬದಲ್ಲಿ ಹಾಕಿ, ಮಳೆ ತಾಗದ ಜಾಗದಲ್ಲಿಟ್ಟು, ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸಬೇಕು. ಬಚ್ಚಲೊಲೆಗೆ ಮಾತ್ರ ಹಾಕಬಾರದು. ಬಿಗಿಯಾಗಿ ಮುಚ್ಚಿದ ಆ ಡಬ್ಬಿ ಬೆಂಕಿಯಲ್ಲಿ ಪಟಾಕಿಯಂತೆ ಸಿಡಿಯುತ್ತದೆ.